‘ಕಂಜೆಕ್ಚರ್’ ಪದದ ಅರ್ಥ, ಮೂಲ ಮತ್ತು ಬಳಕೆ: ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್-ಕನ್ನಡ ನಿಘಂಟು ತೆರೆದು ‘ಕಂಜೆಕ್ಚರ್’ ಹುಡುಕಿದರೆ ‘ಊಹೆ’ ಎಂದಿರುತ್ತದೆ. ‘ಗೆಸ್’ ಹುಡುಕಿದರೂ ಊಹೆ, ‘ಸರ್ಮೈಸ್’ ಹುಡುಕಿದರೂ ಊಹೆ, ‘ಸ್ಪೆಕ್ಯುಲೇಶನ್’ಗೂ ಅದೇ. ಎಲ್ಲವೂ ಒಂದೇ ಆಗಿದ್ದರೆ ಇಂಗ್ಲಿಷಿನವರು ಇಷ್ಟೊಂದು ಪದಗಳನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು? ಬ್ಯಾಂಕ್, ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ, ಕೋರ್ಟ್ ವರದಿ ಬರೆಯುವವರಿಗೆ, ಗಣಿತ ವಿಜ್ಞಾನ ಅನುವಾದಿಸುವವರಿಗೆ ಎಡವಟ್ಟಾಗುವುದು ಇಲ್ಲೇ. ಈ ಪದವನ್ನು ಬುಡದಿಂದ ಕಲಿತರೆ ಉಳಿದವೂ ತಂತಾವೇ ತಮ್ಮ ಜಾಗ ಹಿಡಿಯುತ್ತವೆ.

ಹಂತ 1: ಬಾಯಿಗೆ ಮತ್ತು ಕೈಗೆ ತಂದುಕೊಳ್ಳಿ

ಉಚ್ಚಾರ ಮೂರು ತುಂಡು: ಕನ್-ಜೆಕ್-ಚರ್. ಒತ್ತು ನಡುವಿನ ‘ಜೆಕ್’ ಮೇಲೆ. ಮೊದಲ ‘ಕನ್’ ಅನ್ನು ತೇಲಿಸಿ ಹೇಳಬೇಕು. ನಮ್ಮಲ್ಲಿ ಹಲವರು ‘ಕಾಂ’ ಎಂದು ಎಳೆದು ಅಲ್ಲಿಗೇ ಒತ್ತು ಕೊಡುತ್ತಾರೆ, ಆಗ ಕೇಳುವವರಿಗೆ ಪದವೇ ಸಿಗುವುದಿಲ್ಲ.

ಒಂದು ಸೂಕ್ಷ್ಮ ಇದೆ. ‘ಪ್ರಾಜೆಕ್ಟ್’, ‘ಆಬ್ಜೆಕ್ಟ್’, ‘ರಿಜೆಕ್ಟ್’ ಪದಗಳು ನಾಮಪದವಾದಾಗ ಒತ್ತು ಮೊದಲ ತುಂಡಿಗೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ಕಂಜೆಕ್ಚರ್‌ಗೆ ಆ ಗೊಡವೆ ಇಲ್ಲ. ನಾಮಪದವಾಗಲಿ ಕ್ರಿಯಾಪದವಾಗಲಿ ಒತ್ತು ‘ಜೆಕ್’ ಬಿಟ್ಟು ಕದಲುವುದಿಲ್ಲ.

ಬರೆಯುವಾಗ ಸಿ-ಒ-ಎನ್, ಜೆ-ಇ-ಸಿ-ಟಿ, ಯು-ಆರ್-ಇ ಎಂದು ಮೂರು ಗುಂಪು ಮಾಡಿಕೊಳ್ಳಿ. ಕಾಗುಣಿತ ತಪ್ಪುವುದು ನಡುವಿನ ಗುಂಪಿನಲ್ಲಿ: ‘ಇ’ ಬದಲು ‘ಯು’ ಬೀಳುತ್ತದೆ. ‘ಕಂಜಂಕ್ಚರ್’ ಎಂಬ ಬೇರೆಯೇ ಪದವೊಂದಿದೆ, ಅದರ ಅರ್ಥ ಸಂದರ್ಭಗಳ ಕೂಡುವಿಕೆ, ಸಂಧಿಕಾಲ. ಅದರ ನೆರಳು ಇದರ ಮೇಲೆ ಬಿದ್ದು ಈ ತಪ್ಪಾಗುತ್ತದೆ. ‘ರಿಜೆಕ್ಟ್’ ಬರೆಯಲು ಬಂದರೆ ನಡುವಿನ ಗುಂಪು ನಿಮಗೆ ಬಂದ ಹಾಗೇ. ಕೊನೆಯ ‘ಚರ್’ ‘ಪಿಕ್ಚರ್’, ‘ಲೆಕ್ಚರ್’ ಪದಗಳಲ್ಲಿರುವುದೇ.

ಹಂತ 2: ಪದವನ್ನು ಒಡೆಯಿರಿ

‘ಕನ್’ ಎಂದರೆ ಲ್ಯಾಟಿನ್‌ನಲ್ಲಿ ‘ಕೂಡಿಸಿ, ಒಟ್ಟಿಗೆ’. ‘ಜೆಕ್ಟ್’ ಬಂದದ್ದು ‘ಯಾಕೆರೆ’ ಎಂಬ ಲ್ಯಾಟಿನ್ ಧಾತುವಿನಿಂದ, ಅರ್ಥ ‘ಎಸೆ’. ಕೊನೆಯ ‘ಯೂರ್’ ಕ್ರಿಯೆಯನ್ನು ನಾಮಪದ ಮಾಡುವ ಪ್ರತ್ಯಯ. ಎಲ್ಲ ಸೇರಿ ‘ಒಟ್ಟಿಗೆ ಎಸೆದದ್ದು’, ಅಂದರೆ ಅಲ್ಲಲ್ಲಿ ಸಿಕ್ಕ ಸುಳಿವುಗಳನ್ನು ಒಂದೇ ಕಡೆ ಗುಡ್ಡೆ ಹಾಕಿ, ಅದರಿಂದ ಏನು ಹೊರಡುತ್ತದೆ ಎಂದು ನೋಡುವುದು.

‘ಎಸೆ’ ಧಾತು ಒಂದು ಹಿಡಿತಕ್ಕೆ ಬಂದರೆ ಹತ್ತು ಪದ ಬಿಟ್ಟಿ ಸಿಗುತ್ತವೆ. ರಿಜೆಕ್ಟ್ ಎಂದರೆ ಹಿಂದಕ್ಕೆ ಎಸೆ, ಇಂಜೆಕ್ಟ್ ಒಳಕ್ಕೆ ಎಸೆ, ಇಜೆಕ್ಟ್ ಹೊರಕ್ಕೆ, ಪ್ರಾಜೆಕ್ಟ್ ಮುಂದಕ್ಕೆ. ಇಂಟರ್ಜೆಕ್ಟ್ ಎಂದರೆ ಬೇರೆಯವರ ಮಾತಿನ ನಡುವೆ ನಿಮ್ಮ ಮಾತು ಎಸೆಯುವುದು. ಟ್ರಜೆಕ್ಟರಿ ಎಸೆದ ವಸ್ತು ಸಾಗುವ ಹಾದಿ. ವ್ಯಾಕರಣದ ‘ಅಡ್ಜೆಕ್ಟಿವ್’ ಕೂಡ ಇದೇ ಮನೆತನದ್ದು: ನಾಮಪದದ ಕಡೆಗೆ ಎಸೆದದ್ದು, ಅದಕ್ಕೆ ಸೇರಿಸಿದ್ದು. ಪದಪಟ್ಟಿ ಬಾಯಿಪಾಠ ಮಾಡುವವರು ಅಕಾರಾದಿಯಲ್ಲಿ ಓದುವ ಬದಲು ಹೀಗೆ ಧಾತು ಹಿಡಿದು ಓದಿದರೆ ಶ್ರಮ ಅರ್ಧಕ್ಕಿಳಿಯುತ್ತದೆ.

ಹಂತ 3: ಪದ ನಡೆದು ಬಂದ ದಾರಿ

ರೋಮನ್ನರಲ್ಲಿ ಕನಸಿಗೆ ಅರ್ಥ ಹೇಳುವವನನ್ನು ‘ಕೊನ್ಯೆಕ್ಟೊರ್’ ಎನ್ನುತ್ತಿದ್ದರು. ಕ್ರಿ.ಪೂ. 44ರ ಸುಮಾರಿಗೆ ಸಿಸೆರೊ ಭವಿಷ್ಯ ನುಡಿಯುವ ವಿದ್ಯೆಯ ಬಗ್ಗೆ ಬರೆದ ಗ್ರಂಥದಲ್ಲಿ ‘ಕೊನ್ಯೆಕ್ಟೂರಾ’ ಎಂಬುದು ಶಕುನ, ಕನಸುಗಳನ್ನು ಬಿಡಿಸಿ ಹೇಳುವ ಕೆಲಸಕ್ಕೆ ಬಳಕೆಯಾಗಿದೆ. ರೋಮನ್ ನ್ಯಾಯಾಲಯದ ವಾಗ್ಮಿಗಳಿಗೂ ಅದು ಬೇಕಿತ್ತು. ‘ಆರೋಪಿ ಈ ಕೃತ್ಯ ಮಾಡಿದನೇ ಇಲ್ಲವೇ’ ಎಂಬುದೇ ವಿವಾದವಾಗಿದ್ದರೆ ಅಂಥ ಮೊಕದ್ದಮೆಯನ್ನು ಊಹೆಯ ಮೇಲೆ ನಿಂತದ್ದು ಎಂದು ವರ್ಗೀಕರಿಸುತ್ತಿದ್ದರು. ಉದ್ದೇಶವಿತ್ತೇ, ಅವಕಾಶವಿತ್ತೇ, ಆಮೇಲೆ ಅವನ ನಡವಳಿಕೆ ಹೇಗಿತ್ತು ಎಂಬ ಚೂರುಗಳನ್ನು ಕೂಡಿಸಿ ವಾದಿಸಬೇಕಾಗಿತ್ತು.

ಇಂಗ್ಲಿಷಿಗೆ ಪದ ಕಾಲಿಟ್ಟದ್ದು 14ನೆಯ ಶತಮಾನದ ಕೊನೆಯಲ್ಲಿ. ಮೊದಮೊದಲು ಅದಕ್ಕೆ ಶಕುನ ಓದುವ ಆ ಹಳೆಯ ಅರ್ಥವೇ ಇತ್ತು. ಸಾಕಷ್ಟು ಪುರಾವೆ ಇಲ್ಲದೆ ತಳೆದ ಅಭಿಪ್ರಾಯ ಎಂಬ ಇಂದಿನ ಅರ್ಥ ಗಟ್ಟಿಯಾದದ್ದು 16ನೆಯ ಶತಮಾನದಲ್ಲಿ.

ಗ್ರೀಕರೂ ಊಹೆಗೆ ಎಸೆತದ ಮಾತನ್ನೇ ಬಳಸಿದರು. ‘ಸ್ಟೊಖೋಸ್’ ಎಂದರೆ ಬಾಣದ ಗುರಿ, ಅದಕ್ಕೆ ಗುರಿಯಿಡುವ ಕ್ರಿಯಾಪದಕ್ಕೇ ‘ಊಹಿಸು’ ಎಂಬ ಅರ್ಥವೂ ಇತ್ತು. ಸಂಖ್ಯಾಶಾಸ್ತ್ರದ ‘ಸ್ಟೊಕಾಸ್ಟಿಕ್’ ಅಲ್ಲಿಂದ ಬಂತು. ಎರಡೂ ದಾರಿ ಕೂಡುವುದು ಗಣಿತಜ್ಞ ಯಾಕೋಬ್ ಬರ್ನೂಲಿಯ ‘ಆರ್ಸ್ ಕಂಜೆಕ್ಟಾಂಡಿ’ ಗ್ರಂಥದಲ್ಲಿ. ಅವನು ಸತ್ತು ಎಂಟು ವರ್ಷದ ಮೇಲೆ, 1713ರಲ್ಲಿ ಅಚ್ಚಾದ ಈ ‘ಊಹಿಸುವ ಕಲೆ’ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿತು. ಶಕುನ ನೋಡುವವರ ಪದ ಲೆಕ್ಕ ಹಾಕುವವರ ಕೈಗೆ ಬಂದಿತ್ತು.

ಹಂತ 4: ಮೂರು ಪ್ರಶ್ನೆಗಳ ಪರೀಕ್ಷೆ

ಒಂದು ಹೇಳಿಕೆಗೆ ಕಂಜೆಕ್ಚರ್ ಎನ್ನಬಹುದೇ ಎಂದು ತಿಳಿಯಲು ಇಷ್ಟು ಕೇಳಿ. ಕೈಯಲ್ಲಿ ಸುಳಿವು ಇದೆಯೇ? ಸುಳಿವಿಗೂ ತೀರ್ಮಾನಕ್ಕೂ ನಡುವೆ ಕಂದರ ಉಳಿದಿದೆಯೇ? ಆ ಕಂದರ ಹಾರಿ ಒಂದು ನಿರ್ದಿಷ್ಟ ಮಾತು ಹೇಳಿದ್ದಾರೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಅದು ಕಂಜೆಕ್ಚರ್.

ಒಂದು ಸಂದರ್ಭ ಇಟ್ಟುಕೊಂಡೇ ನೋಡೋಣ. ಎದುರು ಮನೆಯ ಬಾಗಿಲಲ್ಲಿ ಎರಡು ದಿನದ ಪೇಪರು ಬಿದ್ದಿದೆ. ಹಾಲಿನ ಪ್ಯಾಕೆಟ್ ತೆಗೆದಿಲ್ಲ. ದಿನಾ ರಂಗೋಲಿ ಕಾಣುವ ಹೊಸಿಲು ಖಾಲಿ. ‘ಮನೆಯವರು ಊರಿಗೆ ಹೋಗಿರಬೇಕು’ ಎಂದಿರಾ? ಅದು ಕಂಜೆಕ್ಚರ್. ಸುಳಿವು ಮೂರಿವೆ, ಆದರೆ ಒಳಗೆ ಯಾರೋ ಹುಷಾರಿಲ್ಲದೆ ಮಲಗಿರುವ ಸಾಧ್ಯತೆಯನ್ನು ಅವು ಅಳಿಸುವುದಿಲ್ಲ.

ಈಗ ಸಂದರ್ಭವನ್ನು ಚೂರು ಚೂರೇ ಬದಲಿಸಿ. ‘ಯಾವತ್ತು ವಾಪಸ್ ಬರುತ್ತಾರೆ?’ ಎಂದು ಯಾರೋ ಕೇಳಿದರು, ನೀವು ‘ಭಾನುವಾರ’ ಎಂದಿರಿ. ಅದಕ್ಕೆ ಸುಳಿವೇ ಇಲ್ಲ. ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ, ಬರೀ ಗೆಸ್. ‘ಮಗಳ ಸಂಬಂಧದ ವಿಷಯಕ್ಕೆ ಹೋಗಿರಬಹುದು, ಇಲ್ಲ ಜಮೀನಿನ ತಕರಾರು ಇರಬಹುದು’ ಎಂದು ಮೆಟ್ಟಿಲ ಮೇಲೆ ನಾಲ್ಕು ಜನ ಮಾತು ಬೆಳೆಸಿದರೆ ಅದು ಸ್ಪೆಕ್ಯುಲೇಶನ್. ಬಾಗಿಲಿಗೆ ಹೊರಗಡೆಯಿಂದ ಬೀಗ ಬಿದ್ದಿರುವುದನ್ನು ಕಂಡು ‘ಮನೆಯವರು ಹೊರಗೆ ಹೋಗಿದ್ದಾರೆ’ ಎಂದರೆ ಇನ್ಫರೆನ್ಸ್, ಯಾಕೆಂದರೆ ಕಂದರ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ‘ಊರಿಗೆ ಹೋಗಿದ್ದೇವೆ’ ಎಂದು ಅವರೇ ಫೋನಿನಲ್ಲಿ ಹೇಳಿದರೆ ಊಹೆಯ ಮಾತೇ ಬರುವುದಿಲ್ಲ.

ಹಂತ 5: ನೆರೆಹೊರೆಯ ಪದಗಳನ್ನು ಬೇರ್ಪಡಿಸಿ

‘ಗೆಸ್’ ಸುಮಾರು 1300ರಿಂದ ಇಂಗ್ಲಿಷಿನಲ್ಲಿದೆ, ಬಹುಶಃ ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದದ್ದು. ಆಡುಮಾತಿನ ಪದ. ಸುಳಿವು ಇರಲಿ ಬಿಡಲಿ ನಡೆಯುತ್ತದೆ.

‘ಸರ್ಮೈಸ್’ ಹಳೆಯ ಫ್ರೆಂಚಿನಲ್ಲಿ ‘ಆರೋಪ’ ಎಂಬ ಅರ್ಥದ್ದು, ಮೇಲೆ ಹಾಕುವುದು ಎಂಬ ಧಾತುವಿನಿಂದ ಬಂದದ್ದು. ನಾವು ಯಾರ ಮೇಲಾದರೂ ‘ಗೂಬೆ ಕೂರಿಸುತ್ತೇವಲ್ಲ’, ಹತ್ತಿರತ್ತಿರ ಅದೇ. ಈಗ ಆರೋಪದ ಖಾರ ಹೋಗಿ, ಅಲ್ಪ ಆಧಾರದ ಮೇಲೆ ಮನಸ್ಸಿಗೆ ಹೊಳೆದದ್ದು ಎಂಬಷ್ಟೇ ಉಳಿದಿದೆ. ಕಂಜೆಕ್ಚರ್‌ಗೆ ತೀರಾ ಹತ್ತಿರದ ಪದ ಇದೇ, ಇದರ ಆಧಾರ ಇನ್ನೂ ತೆಳು ಅಷ್ಟೇ.

‘ಸ್ಪೆಕ್ಯುಲೇಶನ್’ನ ಹಿಂದೆ ‘ಸ್ಪೆಕುಲಾ’ ಇದೆ, ಅಂದರೆ ಕಾವಲು ಗೋಪುರ. ಎತ್ತರದಲ್ಲಿ ನಿಂತು ದೂರ ನೋಡುವುದು. ಷೇರುಪೇಟೆಯಲ್ಲಿ ಬೆಲೆ ಏರುತ್ತದೆಂದು ಕಾದು ಹಣ ಹೂಡುವವರಿಗೂ, ಮಂತ್ರಿಮಂಡಲದ ಬಗ್ಗೆ ಬಾಯಿಗೆ ಬಂದದ್ದು ಹೇಳುವ ಟಿವಿ ಚರ್ಚೆಗೂ ಈ ಪದ ಸಲ್ಲುತ್ತದೆ. ಕನ್ನಡ ಪತ್ರಿಕೆಗಳ ‘ಊಹಾಪೋಹ’ ಇದಕ್ಕೆ ಸರಿಹೊಂದುತ್ತದೆ. ಅಸಲಿಗೆ ಸಂಸ್ಕೃತದಲ್ಲಿ ಅದು ಊಹ ಮತ್ತು ಅಪೋಹ, ಪರವಾದದ್ದನ್ನು ಹಿಡಿದು ವಿರುದ್ಧವಾದದ್ದನ್ನು ಬಿಡುವ ಶಿಸ್ತಿನ ವಿಚಾರ. ಸುದ್ದಿಮನೆಗೆ ಬರುವಷ್ಟರಲ್ಲಿ ಗಾಳಿಸುದ್ದಿಯ ಮಟ್ಟಕ್ಕೆ ಇಳಿದಿದೆ.

‘ಎಸ್ಟಿಮೇಟ್’ನಲ್ಲಿ ಅಳತೆ ಇರುತ್ತದೆ. ಲೋಕೋಪಯೋಗಿ ಇಲಾಖೆಯ ‘ಅಂದಾಜು ಪಟ್ಟಿ’ ಎಂದರೆ ಸಿಮೆಂಟು, ಮರಳು, ಕೂಲಿ ಎಲ್ಲಕ್ಕೂ ದರ ಹಾಕಿ ಕೂಡಿದ ಲೆಕ್ಕ. ಅದನ್ನು ಕಂಜೆಕ್ಚರ್ ಎಂದರೆ ಎಂಜಿನಿಯರಿಗೆ ಸಿಟ್ಟು ಬರುವುದು ನ್ಯಾಯವೇ. ಗೆಸ್ ಮತ್ತು ಎಸ್ಟಿಮೇಟ್ ಬೆಸೆದು 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಗೆಸ್ಟಿಮೇಟ್’ ಕಣ್ಣಳತೆಯ ಲೆಕ್ಕಕ್ಕೆ ಹೇಳುವ ಮಾತು, ಔಪಚಾರಿಕ ಬರಹಕ್ಕೆ ಬೇಡ.

‘ಹೈಪಾಥಿಸಿಸ್’ ಎಂದರೆ ‘ಅಡಿಯಲ್ಲಿ ಇಟ್ಟದ್ದು’, ಪ್ರಯೋಗಕ್ಕೆ ಒಡ್ಡಲೆಂದೇ ಹಾಕಿಕೊಂಡ ತಳಪಾಯ. ಹೇಗೆ ಪರೀಕ್ಷಿಸಬೇಕು ಎಂಬುದೂ ಅದರ ಜತೆಗೇ ಬರುತ್ತದೆ. ಕನ್ನಡದಲ್ಲಿ ಪ್ರಾಕ್ಕಲ್ಪನೆ.

ಇನ್ನು ‘ಇನ್ಫರೆನ್ಸ್’. ಇಲ್ಲಿ ಕನ್ನಡಿಗರಿಗೆ ಒಂದು ಹೊಂಡ ಕಾದಿದೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಇದಕ್ಕೆ ‘ಅನುಮಾನ’ ಎನ್ನುತ್ತಾರೆ: ಬೆಟ್ಟದ ಮೇಲೆ ಹೊಗೆ ಇದೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ. ಅದು ಪ್ರಮಾಣ, ಜ್ಞಾನಕ್ಕೆ ಸಾಧನ. ಆಡುಗನ್ನಡದಲ್ಲಿ ‘ಅನುಮಾನ’ ಎಂದರೆ ಶಂಕೆ. ‘ಅವನ ಮೇಲೆ ನನಗೆ ಅನುಮಾನ’ ಎಂಬ ವಾಕ್ಯದಲ್ಲಿ ಪ್ರಮಾಣವೂ ಇಲ್ಲ, ಹೊಗೆಯೂ ಇಲ್ಲ. ಆದ್ದರಿಂದ ಕಂಜೆಕ್ಚರ್ ಅನ್ನು ‘ಅನುಮಾನ’ ಎಂದು ಅನುವಾದಿಸಿದರೆ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಶಾಸ್ತ್ರ ಓದಿದವರಿಗೆ ಅದು ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಉಳಿದವರಿಗೆ ಯಾರನ್ನೋ ಶಂಕಿಸಿದಂತೆ ಕೇಳುತ್ತದೆ. ಸಾಮಾನ್ಯ ಬರಹಕ್ಕೆ ‘ಊಹೆ’ ಸಾಕು. ಸುಳಿವು ಇತ್ತೆಂದು ತೋರಿಸಬೇಕಾದರೆ ‘ಸುಳಿವು ಆಧರಿಸಿದ ಊಹೆ’ ಎಂದು ಬಿಡಿಸಿ ಬರೆಯಿರಿ.

ಹಂತ 6: ವಾಕ್ಯದಲ್ಲಿ ಕೂರಿಸುವುದು

ನಾಮಪದವಾಗಿ ಎರಡು ಬಗೆ. ಒಂದು ನಿರ್ದಿಷ್ಟ ಊಹೆಯಾದರೆ ಮುಂದೆ ‘ಎ’ ಹಾಕಿ, ಬಹುವಚನವನ್ನೂ ಮಾಡಿ. ಊಹೆ ಎಂಬ ಕೆಲಸವನ್ನೇ ಒಟ್ಟಾರೆ ಹೇಳುವಾಗ ‘ಎ’ ಬೇಡ: ‘ದಟ್ ಈಸ್ ಪ್ಯೂರ್ ಕಂಜೆಕ್ಚರ್’, ಅದು ಬರೀ ಊಹೆ. ‘ಪ್ಯೂರ್’, ‘ಮಿಯರ್’ ಎರಡೂ ಇದರ ಖಾಯಂ ಜತೆಗಾರರು. ‘ಎ ಮ್ಯಾಟರ್ ಆಫ್ ಕಂಜೆಕ್ಚರ್’ ಎಂದರೆ ಖಚಿತವಾಗಿ ಹೇಳಲಾಗದ, ಊಹಿಸಬೇಕಾದ ವಿಷಯ. ಯಾವುದರ ಬಗ್ಗೆ ಎಂದು ಹೇಳಲು ‘ಅಬೌಟ್’ ಅಥವಾ ‘ಆ್ಯಸ್ ಟು’ ಬಳಸಿ.

ಕ್ರಿಯಾಪದವಾದಾಗ ಹಿಂದೆಯೇ ‘ದಟ್’ ಬಂದರೆ ಕ್ಷೇಮ: ‘ಸ್ಕಾಲರ್ಸ್ ಕಂಜೆಕ್ಚರ್ ದಟ್...’ ಎಂದು ಶುರುಮಾಡಿ ಪೂರ್ಣ ವಾಕ್ಯ ಕೊಡಿ. ಗುಣವಾಚಕ ‘ಕಂಜೆಕ್ಚುರಲ್’. ಶಾಸನದಲ್ಲಿ ಅಳಿಸಿಹೋದ ಅಕ್ಷರವನ್ನು ವಿದ್ವಾಂಸರು ಊಹಿಸಿ ತುಂಬಿದ್ದರೆ ಆ ಪಾಠಕ್ಕೆ ಹೀಗೆನ್ನುತ್ತಾರೆ.

ತಪ್ಪುವುದು ಎಲ್ಲಿ? ಗೆಸ್ ಬರುವ ಕಡೆಯೆಲ್ಲ ಇದನ್ನು ತುರುಕಿದಾಗ. ‘ಗೆಸ್ ವಾಟ್’ ಎಂಬಲ್ಲಿ ‘ಕಂಜೆಕ್ಚರ್ ವಾಟ್’ ಎಂದರೆ ನಗೆಪಾಟಲು. ಮನಸ್ಸಿನಲ್ಲಿರುವ ಸಂಖ್ಯೆ ಹೇಳುವ ಆಟಕ್ಕೂ, ಬಹು ಆಯ್ಕೆ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಗುರುತಿಸುವುದಕ್ಕೂ ಗೆಸ್ಸೇ ಸರಿ. ಇದು ಕೋಟು ತೊಟ್ಟ ಪದ, ಬರಹದಲ್ಲಿ ಒಪ್ಪುತ್ತದೆ, ಹರಟೆಯಲ್ಲಿ ಬಿಗಿಯುತ್ತದೆ. ಇನ್ನೊಂದು, ಕಚೇರಿ ಪತ್ರದಲ್ಲಿ ನಿಮ್ಮದೇ ತೀರ್ಮಾನಕ್ಕೆ ‘ಮೈ ಕಂಜೆಕ್ಚರ್’ ಎಂದು ಬರೆದರೆ ‘ನನ್ನ ಬಳಿ ಪುರಾವೆ ಸಾಲದು’ ಎಂದು ನೀವೇ ಸಹಿ ಹಾಕಿ ಕೊಟ್ಟ ಹಾಗೆ.

ಹಂತ 7: ಗಣಿತದಲ್ಲಿ ಈ ಪದಕ್ಕೆ ಮರ್ಯಾದೆಯೇ ಬೇರೆ

ಕೋರ್ಟಿನಲ್ಲಿ ಕಂಜೆಕ್ಚರ್ ಬೈಗುಳಕ್ಕೆ ಹತ್ತಿರ, ಗಣಿತದಲ್ಲಿ ಅದು ಗೌರವ. ನಿಜವೆಂದು ಬಲವಾಗಿ ತೋರುವ, ಆದರೆ ಯಾರೂ ಇನ್ನೂ ಸಾಧಿಸದ ಹೇಳಿಕೆಗೆ ಅಲ್ಲಿ ಆ ಹೆಸರು. 1742ರಲ್ಲಿ ಗಣಿತಜ್ಞರಾದ ಗೋಲ್ಡ್‌ಬಾಕ್ ಮತ್ತು ಆಯ್ಲರ್ ನಡುವಿನ ಪತ್ರಗಳಲ್ಲಿ ಹುಟ್ಟಿದ ಮಾತು ನೋಡಿ: 2ಕ್ಕಿಂತ ದೊಡ್ಡ ಪ್ರತಿಯೊಂದು ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ. ಕಂಪ್ಯೂಟರಿನಲ್ಲಿ 4ರ ಮುಂದೆ 18 ಸೊನ್ನೆ ಬರುವಷ್ಟು ದೂರ ಪರೀಕ್ಷಿಸಿದ್ದಾರೆ, ಒಂದೂ ತಪ್ಪಿಲ್ಲ. ಆದರೂ ಅದು ಪ್ರಮೇಯ ಅನ್ನಿಸಿಕೊಂಡಿಲ್ಲ.

ಯಾಕಿಷ್ಟು ಜಿಗುಟು ಎಂದು ತಿಳಿಯಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ವೃತ್ತ ಬರೆದು ಅದರ ಅಂಚಿನಲ್ಲಿ ಚುಕ್ಕೆಗಳನ್ನಿಡಿ, ಪ್ರತಿ ಎರಡು ಚುಕ್ಕೆಗೂ ನೇರ ಗೆರೆ ಎಳೆಯಿರಿ, ಒಳಗೆ ಎಷ್ಟು ಭಾಗವಾಯಿತು ಎಣಿಸಿ. ಒಂದು ಚುಕ್ಕೆಗೆ 1 ಭಾಗ. ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ‘ಪ್ರತಿ ಸಲ ಇಮ್ಮಡಿ’ ಎಂಬ ಕಂಜೆಕ್ಚರ್ ತಾನಾಗಿಯೇ ಬಾಯಿಗೆ ಬರುತ್ತದೆ. ಆರನೆಯ ಚುಕ್ಕೆ ಇಟ್ಟು ಎಣಿಸಿ: 32 ಸಿಗುವುದಿಲ್ಲ, 31 ಸಿಗುತ್ತದೆ. ಎಚ್ಚರ, ಆರು ಚುಕ್ಕೆಗಳನ್ನು ಸಮ ಅಂತರದಲ್ಲಿ ಇಟ್ಟರೆ ಮೂರು ಗೆರೆಗಳು ನಟ್ಟನಡುವೆ ಒಂದೇ ಬಿಂದುವಿನಲ್ಲಿ ಹಾದು, ನಡುವಿನ ಪುಟ್ಟ ತ್ರಿಕೋನ ಮಾಯವಾಗಿ 30 ಬರುತ್ತದೆ. ಚುಕ್ಕೆಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಇಡಿ. ತರಗತಿಯಲ್ಲಿ ಇದನ್ನು ಮಾಡಿಸುವ ಮೇಷ್ಟ್ರುಗಳಿಗೆ ಒಂದು ಸಲಹೆ: ಐದು ಚುಕ್ಕೆಯ ಬಳಿ ನಿಲ್ಲಿಸಿ, ಮುಂದಿನ ಸಂಖ್ಯೆಯನ್ನು ಎಲ್ಲರಿಂದ ಬರೆಸಿಕೊಂಡು ಆಮೇಲೆ ಎಣಿಸಲು ಹೇಳಿ.

ದೊಡ್ಡವರ ಕಂಜೆಕ್ಚರ್‌ಗಳೂ ಹೀಗೆ ಮುರಿದಿವೆ. ಒಂದು ಸಂಖ್ಯೆಯ n-ನೆಯ ಘಾತವನ್ನು ಬೇರೆ ಸಂಖ್ಯೆಗಳ n-ನೆಯ ಘಾತಗಳ ಮೊತ್ತವಾಗಿ ಬರೆಯಲು ಕನಿಷ್ಠ n ಸಂಖ್ಯೆಗಳಾದರೂ ಬೇಕು ಎಂದು ಆಯ್ಲರ್ 1769ರಲ್ಲಿ ಊಹಿಸಿದ. ಅಂದರೆ ಐದನೆಯ ಘಾತಕ್ಕೆ ಐದು. ಸುಮಾರು 200 ವರ್ಷ ಅದು ಅಲುಗಲಿಲ್ಲ. 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಕಂಪ್ಯೂಟರ್ ಹಚ್ಚಿ ನಾಲ್ಕೇ ಸಂಖ್ಯೆಯಲ್ಲಿ ಮುಗಿಸಿದರು: 27⁵ + 84⁵ + 110⁵ + 133⁵ = 144⁵. ಎರಡೂ ಬದಿ 61,917,364,224. ಕ್ಯಾಲ್ಕುಲೇಟರ್ ಇದ್ದರೆ ಹಾಕಿ ನೋಡಿ. ಅದನ್ನು ಪ್ರಕಟಿಸಿದ ಲೇಖನ ಎರಡೇ ವಾಕ್ಯದ್ದು.

ಗೆದ್ದವೂ ಇವೆ. ಟೌ ಫಲನದ ಬಗ್ಗೆ ರಾಮಾನುಜನ್ 1916ರಲ್ಲಿ ಮಾಡಿದ ಊಹೆಯನ್ನು ಡೆಲೀನ್ 1974ರಲ್ಲಿ ಸಾಧಿಸಿದರು. ಪ್ವಾಂಕರೆ 1904ರಲ್ಲಿ ಎತ್ತಿದ ಪ್ರಶ್ನೆಗೆ ಪೆರೆಲ್ಮನ್ 2002-03ರಲ್ಲಿ ಉತ್ತರ ಕೊಟ್ಟು, 10 ಲಕ್ಷ ಡಾಲರ್ ಬಹುಮಾನ ಬೇಡವೆಂದರು. ಹೆಸರುಗಳಿಗೆ ಮಾತ್ರ ಈ ಲೆಕ್ಕ ತಿಳಿಯದು. ಪ್ವಾಂಕರೆ ಕಂಜೆಕ್ಚರ್ ಸಾಧನೆಯಾದ ಮೇಲೂ ಕಂಜೆಕ್ಚರ್ ಎಂದೇ ಕರೆಸಿಕೊಳ್ಳುತ್ತಿದೆ. ಫರ್ಮಾನ ಕೊನೆಯ ಪ್ರಮೇಯಕ್ಕೆ ವೈಲ್ಸ್ 1994ರಲ್ಲಿ ಸಾಧನೆ ಪೂರ್ಣಗೊಳಿಸುವ ತನಕ ‘ಪ್ರಮೇಯ’ ಎನ್ನಿಸಿಕೊಳ್ಳುವ ಹಕ್ಕೇ ಇರಲಿಲ್ಲ.

ಹಂತ 8: ತೀರ್ಪಿನಲ್ಲಿ ಕಂಡಾಗ

ಭಾರತದ ನ್ಯಾಯಾಲಯಗಳ ತೀರ್ಪುಗಳಲ್ಲಿ ‘ಸರ್ಮೈಸಸ್ ಆ್ಯಂಡ್ ಕಂಜೆಕ್ಚರ್ಸ್’ ಜೋಡಿಪದ. ‘ಕೆಳಗಿನ ನ್ಯಾಯಾಲಯದ ತೀರ್ಮಾನ ಇವುಗಳ ಮೇಲೆ ನಿಂತಿದೆ’ ಎಂದು ಮೇಲಿನ ನ್ಯಾಯಾಲಯ ಬರೆಯಿತೆಂದರೆ ತೀರ್ಮಾನ ಉರುಳುವುದು ಬಹುತೇಕ ಖಚಿತ. ಸಾಂದರ್ಭಿಕ ಸಾಕ್ಷ್ಯದ ಮೊಕದ್ದಮೆಗಳಲ್ಲಿ ಊಹೆಯೋ ಶಂಕೆಯೋ ಕಾನೂನುಬದ್ಧ ಪುರಾವೆಯ ಜಾಗದಲ್ಲಿ ಬಂದು ಕೂರುವ ಅಪಾಯ ಸದಾ ಇರುತ್ತದೆ ಎಂದು ಸುಪ್ರೀಂ ಕೋರ್ಟ್ 1952ರ ಹನುಮಂತ ಪ್ರಕರಣದಲ್ಲಿ ಎಚ್ಚರಿಸಿತು. ಆ ಮಾತನ್ನು ನ್ಯಾಯಾಲಯಗಳು ಇವತ್ತಿಗೂ ಉಲ್ಲೇಖಿಸುತ್ತವೆ. ವರದಿಗಾರರು ಈ ಜೋಡಿಯನ್ನು ‘ಊಹೆ ಮತ್ತು ಊಹೆಗಳು’ ಎಂದು ಎರಡೆರಡು ಸಲ ಬರೆದು ಪೇಚಿಗೆ ಸಿಗುವುದು ಬೇಡ. ‘ಪುರಾವೆಯಿಲ್ಲದ ಊಹೆಗಳ ಮೇಲೆ’ ಎಂದರೆ ಅರ್ಥ ಪೂರ್ತಿ ಬರುತ್ತದೆ.

ಹಂತ 9: ಹಳೆಯ ಪಠ್ಯಗಳಲ್ಲಿ

ಗ್ರಂಥಸಂಪಾದನೆ ಮಾಡುವವರಿಗೆ ಇದು ದಿನದ ಪದ. ಪ್ರತಿಗಳೆಲ್ಲ ಕೆಟ್ಟಿರುವಾಗ ಮೂಲದಲ್ಲಿ ಹೀಗಿದ್ದಿರಬೇಕು ಎಂದು ಸಂಪಾದಕ ಸೂಚಿಸುವ ಪಾಠವೇ ಕಂಜೆಕ್ಚರ್, ಹಳಗನ್ನಡ ಕಾವ್ಯ ಸಂಪಾದಿಸುವವರ ‘ಊಹಾಪಾಠ’. ಇಂಗ್ಲಿಷಿನ ಹೆಸರಾಂತ ಉದಾಹರಣೆ ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದ್ದು. ಫಾಲ್‌ಸ್ಟಾಫ್ ಎಂಬ ಪಾತ್ರ ಸಾಯುವುದನ್ನು ವರ್ಣಿಸುವ ಕಡೆ 1623ರ ಮುದ್ರಣದಲ್ಲಿ ‘ಹಸಿರು ಹೊಲಗಳ ಮೇಜು’ ಎಂಬ ಅರ್ಥಹೀನ ಪಾಠವಿದೆ. ಲೂಯಿಸ್ ಥಿಯೋಬಾಲ್ಡ್ 1726ರಲ್ಲಿ ‘ಟೇಬಲ್’ ಎಂಬುದನ್ನು ‘ಬ್ಯಾಬಲ್ಡ್’ ಎಂದು ತಿದ್ದಲು ಸೂಚಿಸಿದ. ಸಾಯುವವನು ಹಸಿರು ಹೊಲಗಳ ಬಗ್ಗೆ ಬಡಬಡಿಸಿದ ಎಂದಾಗುತ್ತದೆ. ತನ್ನ ಬಳಿಯಿದ್ದ ಪ್ರತಿಯ ಅಂಚಿನಲ್ಲಿ ಆಗಲೇ ತೀರಿಕೊಂಡಿದ್ದ ಯಾರೋ ‘ಟಾಕ್ಡ್’ ಎಂದು ಊಹಿಸಿ ಬರೆದದ್ದೇ ತನಗೆ ದಾರಿ ತೋರಿತೆಂದು ಅವನೇ ಹೇಳಿದ್ದಾನೆ. ಹಳೆಯ ಕೈಬರಹದಲ್ಲಿ ‘ಟೇಬಲ್’, ‘ಬ್ಯಾಬಲ್ಡ್’ ಎರಡೂ ಒಂದರ ಹಾಗೆ ಒಂದು ಕಾಣಬಲ್ಲವು, ಸಂದರ್ಭಕ್ಕೂ ಒಪ್ಪುತ್ತದೆ. ಸುಳಿವು ಎರಡಿವೆ, ಲೇಖಕನ ಹಸ್ತಪ್ರತಿ ಇಲ್ಲ. ನಾಲ್ಕನೆಯ ಹಂತದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಹೆಚ್ಚಿನ ಮುದ್ರಣಗಳು ಈಗ ಅವನ ಪಾಠವನ್ನೇ ಹಾಕುತ್ತವೆ.

ಹಂತ 10: ಪರೀಕ್ಷೆಗೆ ಕೂರುವವರಿಗೆ

ಸಮಾನಾರ್ಥಕ ಕೇಳಿದರೆ ಆಯ್ಕೆಗಳಲ್ಲಿ ಸರ್ಮೈಸ್ ಇದ್ದರೆ ಅದನ್ನೇ ಗುರುತಿಸಿ, ಇಲ್ಲದಿದ್ದರೆ ಗೆಸ್. ಇನ್ಫರೆನ್ಸ್ ಜತೆಗಿದ್ದರೂ ಅದರ ಕಡೆ ಹೋಗಬೇಡಿ, ಅದು ಒಂದು ಮೆಟ್ಟಿಲು ಮೇಲೆ. ವಿರುದ್ಧಾರ್ಥಕ್ಕೆ ಫ್ಯಾಕ್ಟ್, ಸರ್ಟನ್ಟಿ, ಪ್ರೂಫ್ ಮೂರರಲ್ಲಿ ಒಂದು ಬಂದಿರುತ್ತದೆ. ‘ಕಂಜೂರ್’ ಎಂಬ ಆಯ್ಕೆಯನ್ನು ಕಣ್ಣು ತಪ್ಪಿಸಲೆಂದೇ ಸೇರಿಸಿರುತ್ತಾರೆ. ಅದರ ಅರ್ಥ ಮಂತ್ರ ಹಾಕಿ ಬರಿಸು. ಮೊದಲ ನಾಲ್ಕು ಅಕ್ಷರ ಒಂದೇ, ಆದರೆ ಅದರ ಧಾತು ಆಣೆ ಇಡುವುದು. ಖಾಲಿ ಬಿಟ್ಟ ಜಾಗ ತುಂಬುವ ಪ್ರಶ್ನೆಯಲ್ಲಿ ಮುಂದೆ ‘ಪ್ಯೂರ್’ ಅಥವಾ ‘ಮಿಯರ್’ ಇದ್ದು, ವಾಕ್ಯದಲ್ಲಿ ಎಲ್ಲೋ ‘ಎವಿಡೆನ್ಸ್’ ಕಾಣಿಸಿದರೆ ಬೇರೆ ಆಯ್ಕೆಗಳಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ.